ಜೆರ್ಸಿಯೊಳಗೆ ಚೆಂಡು, ಚೀಲ ಮಾತ್ರ ಪಾರದರ್ಶಕ!

ಮಾನ್ಯರೇ,

ಶನಿವಾರದ ‘ಹೊರನಾಡು’ ಪುಟದಲ್ಲಿ ನಮ್ಮ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕನ್ನಡಿಗ ಪಾಲಕರೊಬ್ಬರು ಸೂಚಿಸಿದ ‘ಕಣ್ಣಾಮುಚ್ಚಾಲೆ’ ಎಂಬ ಹೊಸ ಟ್ರಿಕ್ ಪ್ಲೇ (ಎದುರಾಳಿಯನ್ನು ಏಮಾರಿಸುವ ಆಟದ ಉಪಾಯ) ಕುರಿತು ಕಾಲು ಪುಟದ ವರದಿ, ಅದರ ಜೊತೆಗೆ ನಕ್ಷೆ ಬೇರೆ. ‘ಅಮೆರಿಕದ ಆಟಕ್ಕೆ ಕನ್ನಡದ ಕೊಡುಗೆ’ಯಂತೆ. ಮಂಗಳವಾರ ಸಂಜೆ ಈ ಕೊಡುಗೆಯ ತಾಲೀಮು ನಡೆದಾಗ ನಿಮ್ಮ ವರದಿಗಾರರು ಮೈದಾನದ ಆಸುಪಾಸಿನಲ್ಲಿ ಇದ್ದಂತೆ ಕಾಣುವುದಿಲ್ಲ. ಗುಟ್ಟು ಹೊರಬೀಳಬಾರದೆಂದು ಪೂರ್ವದ ಗೇಟಿಗೆ ಬೀಗ ಜಡಿದಿದ್ದರು. ಆರೂವರೆಗೆ ಮುಗಿಯಬೇಕಿದ್ದ ಅಭ್ಯಾಸ ಎಂಟೂಕಾಲಿಗೆ ಮುಗಿಯಿತು. ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲು ಮುಖ್ಯರಸ್ತೆಯ ಸಿಗ್ನಲ್ ದಾಟಿ ನಿಂತಿತ್ತು. ಬ್ಯಾಂಡಿನ ಮಕ್ಕಳು ಟ್ಯೂಬಾ, ಡ್ರಮ್ಮು ಹೊತ್ತು ಇಡೀ ಕ್ರೀಡಾಂಗಣ ಸುತ್ತಿ ಪಶ್ಚಿಮದ ಗೇಟಿಗೆ ಬಂದರು. ಇಷ್ಟೆಲ್ಲ ಮಾಡಿ ಕಾಪಾಡಿದ ಗುಟ್ಟು ನಾಲ್ಕೇ ದಿನಕ್ಕೆ ನಕ್ಷೆ ಸಮೇತ ನಿಮ್ಮ ಪತ್ರಿಕೆಯಲ್ಲಿ! ಎದುರಾಳಿ ತಂಡದಲ್ಲಿ ಕನ್ನಡ ಓದುವವರು ಯಾರೂ ಇಲ್ಲವೆಂಬ ಧೈರ್ಯವೇನೋ. ಇದು ಡಲ್ಲಾಸ್ ಸ್ವಾಮಿ, ಇದ್ದಾರೆ.

ಪ್ಲೇಯ ವಿಚಾರಕ್ಕೆ ಬರೋಣ. ನಾಲ್ಕನೇ ಡೌನ್, ಅಂದರೆ ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು. ತಂಡ ಪಂಟ್ ಮಾಡುವ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಹಾಗೆ ನಿಲ್ಲುತ್ತದೆ. ಆದರೆ ಸ್ನ್ಯಾಪ್ (ಆಟ ಶುರುಮಾಡಲು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವ ಚೆಂಡು) ಹೋಗುವುದು ಹಿಂದೆ ದೂರದಲ್ಲಿ ನಿಂತ ಪಂಟರ್‌ಗಲ್ಲ, ನಡುವೆ ಐದು ಗಜ ಹಿಂದಿರುವ ಹುಡುಗನಿಗೆ. ಕೂಡಲೇ ಎಲ್ಲರೂ ಅವನ ಸುತ್ತ ಬೆನ್ನು ಹೊರಗೆ ಮಾಡಿ ಗುಂಪುಗೂಡಬೇಕು. ಚೆಂಡನ್ನು ಅತಿ ದಪ್ಪನೆಯ ಲೈನ್‌ಮನ್‌ನ (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನ) ಜೆರ್ಸಿಯೊಳಗೆ, ಬೆನ್ನಿನ ಕಡೆಯಿಂದ ತುರುಕಬೇಕು. ಆಮೇಲೆ ಹನ್ನೊಂದೂ ಜನ ಹೆಲ್ಮೆಟ್ ತೆಗೆದು ಹೊಟ್ಟೆಗೆ ಅವುಚಿಕೊಂಡು ಹನ್ನೊಂದು ದಿಕ್ಕಿಗೆ ಓಡಬೇಕು. ‘ಉದ್ದಿನ ಮೂಟೆ ಉರುಳೇ ಹೋಯ್ತು’ ಎಂದು ಹಾಡುವುದೊಂದು ಬಾಕಿ.

ಇದು ಹೊಸದೂ ಅಲ್ಲ, ಕನ್ನಡದ್ದೂ ಅಲ್ಲ. 1903ರಲ್ಲಿ ಅಮೆರಿಕದ ಮೂಲನಿವಾಸಿಗಳ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ ಹಾರ್ವರ್ಡ್ ವಿರುದ್ಧ ಇದನ್ನೇ ಮಾಡಿತ್ತು. ಕೋಚ್ ಪಾಪ್ ವಾರ್ನರ್ ಜೆರ್ಸಿಗೆ ಎಲಾಸ್ಟಿಕ್ ಹೊಲಿಸಿದ್ದರು. ಚಾರ್ಲಿ ಡಿಲನ್ ಎಂಬ ಆಟಗಾರ ಬೆನ್ನ ಮೇಲೆ ಚೆಂಡು ಹೊತ್ತು ಮೈದಾನದ ಆ ತುದಿ ಮುಟ್ಟಿದ. ಆದರೂ ಪಂದ್ಯ ಗೆದ್ದದ್ದು ಹಾರ್ವರ್ಡ್, 12–11ರಿಂದ. ಈ ಕೊನೆಯ ಸಾಲು ನಮ್ಮ ಸಂಶೋಧಕರ ಕಣ್ಣಿಗೆ ಬಿದ್ದಿಲ್ಲ.

ಆಗ ಅದು ನಡೆದದ್ದು ಏಕೆ? ಅದು ದ್ವಿತೀಯಾರ್ಧದ ಕಿಕಾಫ್, ಅಂದರೆ ಆಟ ಶುರುಮಾಡಲು ಎದುರಾಳಿ ದೂರದಿಂದ ಚೆಂಡು ಒದೆಯುವ ಹೊತ್ತು. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು, ಹಾರ್ವರ್ಡ್‌ನವರು ಅಷ್ಟು ದೂರದಿಂದ ಓಡಿಬರುವಷ್ಟು ಹೊತ್ತು, ಗುಂಪುಗೂಡಲು ಪುರುಸೊತ್ತು ಸಿಕ್ಕಿತ್ತು. ಸ್ನ್ಯಾಪ್‌ನಲ್ಲಿ ಆ ಪುರುಸೊತ್ತು ಎಲ್ಲಿಂದ ಬರಬೇಕು? ಎರಡು ಸಾಲುಗಳ ನಡುವಿನ ಅಂತರ ಒಂದು ಚೆಂಡಿನುದ್ದ, ಅಂದರೆ ಸುಮಾರು 11 ಇಂಚು. ಸ್ನ್ಯಾಪ್ ಆದ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಚೆಂಡು ಪಂಟರ್‌ನ ಕಾಲು ಬಿಡಬೇಕು. ತಡವಾದರೆ ಎದುರಾಳಿ ಮೈಮೇಲೆ ಬಿದ್ದನೆಂದೇ ಲೆಕ್ಕ. ಅದೂ ತಡೆಯುವವರು ತಡೆದಾಗಿನ ಮಾತು. ಇಲ್ಲಿ ತಡೆಯಬೇಕಾದವರೆಲ್ಲ ಬೆನ್ನು ತಿರುಗಿಸಿ ಹುಡುಗನೊಬ್ಬನಿಗೆ ಅಂಗಿ ಸರಿಮಾಡುತ್ತಿರುತ್ತಾರೆ!

ಅಂಗಿಯೂ 1903ರ ದೊಗಲೆ ಅಂಗಿಯಲ್ಲ. ಎದುರಾಳಿಯ ಕೈಗೆ ಬಟ್ಟೆ ಸಿಗಬಾರದೆಂದೇ ಲೈನ್‌ಮನ್‌ಗಳ ಜೆರ್ಸಿಯನ್ನು ಭುಜದ ಪ್ಯಾಡಿನ ಮೇಲೆ ಬಾಳೆದಿಂಡಿನ ಸಿಪ್ಪೆಯಂತೆ ಬಿಗಿಯುತ್ತಾರೆ. ಪಂದ್ಯದ ದಿನ ತೊಡಿಸಲು ಇಬ್ಬರು ಬೇಕು. ಅದರೊಳಗೆ 13 ಪಿಎಸ್‌ಐ ಒತ್ತಡದ ಗಾಳಿ ತುಂಬಿದ, 11 ಇಂಚು ಉದ್ದದ, 400 ಗ್ರಾಂ ಆಸುಪಾಸಿನ ಚೆಂಡನ್ನು ಒಂದೂವರೆ ಸೆಕೆಂಡಿನಲ್ಲಿ ತೂರಿಸುವುದು ಹೇಗೆಂದು ಒಮ್ಮೆ ತೋರಿಸಿದರೆ ನಾವೂ ಕಲಿಯುತ್ತೇವೆ. ತೂರಿತೆಂದೇ ಇಟ್ಟುಕೊಳ್ಳಿ. ಬೆನ್ನಿನಿಂದ ಜಾರಿದರೆ ಹೊತ್ತವನಿಗೇ ತಿಳಿಯುವುದಿಲ್ಲ. ನಾಲ್ಕನೇ ಡೌನ್‌ನಲ್ಲಿ ಕೈತಪ್ಪಿದ ಚೆಂಡನ್ನು ಜೊತೆಗಾರ ಹಿಡಿದರೆ ಆಟ ಅಲ್ಲಿಗೇ ನಿಂತಿತು. ಎದುರಾಳಿ ಹಿಡಿದರೆ ಅವನು ಎತ್ತಿಕೊಂಡು ಓಡಬಹುದು.

ಇನ್ನು ನಿಯಮ. ಟೆಕ್ಸಸ್‌ನಲ್ಲಿ ಹೈಸ್ಕೂಲು ಪಂದ್ಯಗಳು ನಡೆಯುವುದು ಕಾಲೇಜು ಆಟದ ಎನ್‌ಸಿಎಎ ನಿಯಮಗಳ ಮೇಲೆ. ಪ್ರಸ್ತಾವ ಮಂಡಿಸಿದವರು ಬೇರೆ ರಾಜ್ಯಗಳ ಹೈಸ್ಕೂಲು ನಿಯಮಪುಸ್ತಕ ಹಿಡಿದು ವಾದ ಮಾಡಿದ್ದಾರೆ. ಹೋಗಲಿ ಎಂದರೆ ಎರಡು ಪುಸ್ತಕಗಳಲ್ಲೂ ಚೆಂಡನ್ನು ಜೆರ್ಸಿಯೊಳಗೆ ಅಡಗಿಸುವುದು ನಿಷಿದ್ಧ. ಎನ್‌ಸಿಎಎ ಪ್ರಕಾರ 15 ಗಜ ದಂಡ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆ ಮುಟ್ಟಿಸಿ ಗಳಿಸುವ ಅಂಕ) ಆಗಿದ್ದರೆ ಅದೂ ಹೋಯಿತು. ಆಟದ ನಡುವೆ ಮೈದಾನದಲ್ಲಿ ಹೆಲ್ಮೆಟ್ ತೆಗೆಯುವುದಕ್ಕೂ 15 ಗಜ. ಚೆಂಡು ಹೊತ್ತವನ ಹೆಲ್ಮೆಟ್ ಕಳಚಿದ ಕ್ಷಣವೇ ಚೆಂಡು ಸತ್ತ ಹಾಗೆ, ಅಂದರೆ ಓಟ ಶುರುವಾಗುವ ಮೊದಲೇ ಮುಗಿಯಿತು. ‘ಹೆಲ್ಮೆಟ್ ಬೇಡ, ಟವೆಲ್ ಸುತ್ತಿ ಹಿಡಿಯಲಿ’ ಎಂದು ತಿದ್ದುಪಡಿ ಬಂದಿದೆಯಂತೆ. ಚೆಂಡಿನ ಬದಲು ಇನ್ನೊಂದು ವಸ್ತುವನ್ನು ತೋರಿಸಿ ಮೋಸ ಮಾಡುವುದನ್ನೂ ಅದೇ ನಿಯಮ, ಅದೇ ವಾಕ್ಯದಲ್ಲಿ ನಿಷೇಧಿಸಿದೆ. ಒಂದು ಸಾಲು ಓದಿದವರಿಗೆ ಪೂರ್ತಿ ವಾಕ್ಯ ಓದಲು ಏನು ಕಷ್ಟವಿತ್ತು? ಇದೆಲ್ಲದರ ಮೇಲೆ, ಚೆಂಡು ರೆಫರಿಗಳ ಕಣ್ಣಿಗೂ ಕಾಣುವುದಿಲ್ಲ. ಒಬ್ಬರು ಅನುಮಾನದಿಂದ ಸೀಟಿ ಊದಿದರೂ ಆಟ ಖತಂ.

ಹೆಲ್ಮೆಟ್ ಇಲ್ಲದ ಹನ್ನೊಂದು ಮಕ್ಕಳು ತಲೆತಗ್ಗಿಸಿ ಪರಸ್ಪರ ಅಡ್ಡಾದಿಡ್ಡಿ ಓಡುವುದರ ಬಗ್ಗೆ ನಾವೇನೂ ಹೇಳುವುದಿಲ್ಲ. ತಲೆಪೆಟ್ಟಿನ ಬಗ್ಗೆ ವರ್ಷಾರಂಭದಲ್ಲಿ ನಮ್ಮಿಂದ ಸಹಿ ಮಾಡಿಸಿಕೊಂಡ ಕಾಗದ ಅವರ ಬಳಿಯೇ ಇದೆ.

ಟ್ರಿಕ್ ಪ್ಲೇಗೆ ನಮ್ಮ ವಿರೋಧವಿಲ್ಲ. 2007ರ ಫಿಯೆಸ್ಟಾ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಬೋಯ್ಸಿ ಸ್ಟೇಟ್ ಓಕ್ಲಹೋಮವನ್ನು 43–42ರಿಂದ ಸೋಲಿಸಿದ್ದು ಹೇಗೆ? ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಖಾಲಿ ಬಲಗೈಯನ್ನು ಎಸೆಯುವಂತೆ ಬೀಸಿದ, ಎಡಗೈಯಲ್ಲಿದ್ದ ಚೆಂಡನ್ನು ಬೆನ್ನ ಹಿಂದೆ ಹಿಡಿದ, ಇಯಾನ್ ಜಾನ್ಸನ್ ಅದನ್ನು ತೆಗೆದುಕೊಂಡು ಎಡಕ್ಕೆ ಓಡಿದ. ಬೆನ್ನ ಹಿಂದೆ ಹಿಡಿದರೆ ಜಾಣತನ, ಅಂಗಿಯೊಳಗೆ ಇಟ್ಟರೆ ದಂಡ. ವ್ಯತ್ಯಾಸ ಅಷ್ಟೇ. 2018ರ ಸೂಪರ್ ಬೌಲ್‌ನಲ್ಲಿ (ವೃತ್ತಿಪರ ಲೀಗಿನ ಫೈನಲ್) ಈಗಲ್ಸ್ ಆಡಿದ ‘ಫಿಲಿ ಸ್ಪೆಷಲ್’ ಇನ್ನೂ ಸರಳ: ಸ್ನ್ಯಾಪ್ ನೇರ ಕ್ಲೆಮೆಂಟ್‌ಗೆ, ಅವನಿಂದ ಬರ್ಟನ್‌ಗೆ, ಬರ್ಟನ್ ಎಸೆದದ್ದು ಯಾರೂ ಕಾಯದೆ ಬಿಟ್ಟ ಕ್ವಾರ್ಟರ್‌ಬ್ಯಾಕ್ ಫೋಲ್ಸ್‌ಗೆ. ಎರಡರಲ್ಲೂ ಮೊದಲ ಕ್ಷಣ ದಿನನಿತ್ಯದ ಆಟದಂತೆಯೇ ಕಾಣುತ್ತದೆ. ಎದುರಾಳಿ ಮೋಸಹೋಗುವುದೇ ಅದರಿಂದ. ಕಣ್ಣಾಮುಚ್ಚಾಲೆಯಲ್ಲಿ ಮೊದಲ ಕ್ಷಣಕ್ಕೇ ಹನ್ನೊಂದು ಜನ ಮದುವೆಮನೆಯ ಪಂಕ್ತಿಗೆ ನುಗ್ಗಿದ ಹಾಗೆ ಒಂದೆಡೆ ಸೇರುತ್ತಾರೆ. ವಿಚಿತ್ರವಾಗಿ ನಿಂತು ಕೆಟ್ಟವರ ಉದಾಹರಣೆಯೂ ಇದೆ. 2015ರ ಅಕ್ಟೋಬರ್‌ನಲ್ಲಿ ಕೋಲ್ಟ್ಸ್ ತಂಡ ಪೇಟ್ರಿಯಟ್ಸ್ ಎದುರು ಇಬ್ಬರನ್ನು ಮಾತ್ರ ಚೆಂಡಿನ ಬಳಿ ಬಿಟ್ಟು ಉಳಿದವರನ್ನೆಲ್ಲ ಒಂದು ಬದಿಗೆ ಕಳಿಸಿತು. ಎದುರಾಳಿಯನ್ನು ಗಲಿಬಿಲಿಗೊಳಿಸುವುದಷ್ಟೇ ಉಪಾಯ, ಚೆಂಡು ಸ್ನ್ಯಾಪ್ ಆಗಬಾರದಿತ್ತು. ಆಯಿತು. ಹಿಡಿದ ಕೂಡಲೇ ಬಿದ್ದರು, ನಿಯಮ ಮುರಿದದ್ದಕ್ಕೆ ರೆಫರಿಯ ಫ್ಲಾಗೂ ಬಿತ್ತು.

ಇಂಥದ್ದಕ್ಕೆ ದಿನಕ್ಕೆ ತೊಂಬತ್ತು ನಿಮಿಷ ಹೆಚ್ಚುವರಿ ಅಭ್ಯಾಸ ಬೇಕಂತೆ. ರಾಜ್ಯದ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ತರಗತಿಯ ಹೊತ್ತಿನ ಹೊರಗೆ ವಾರಕ್ಕೆ 8 ಗಂಟೆಯ ಮಿತಿ ಹಾಕಿದೆ. ಈಗಿನ ಅಭ್ಯಾಸವೇ ಅದರ ಅಂಚಿಗೆ ಬಂದು ನಿಂತಿದೆ. ಹೆಚ್ಚುವರಿ ಹೊತ್ತನ್ನು ಯಾವ ಜೆರ್ಸಿಯೊಳಗೆ ಅಡಗಿಸುತ್ತಾರೋ!

ಅಡಗಿಸುವ ಮಾತು ಬಂದಿತೆಂದು ಹೇಳುತ್ತೇವೆ. ಶುಕ್ರವಾರದ ಪಂದ್ಯಕ್ಕೆ ನಾವು ಪಾರದರ್ಶಕ ಚೀಲವನ್ನೇ ತರಬೇಕು. ಚಕ್ಕುಲಿಯ ಸ್ಟೀಲು ಡಬ್ಬಿ ಒಳಗೇನಿದೆ ಕಾಣದೆಂದು ಗೇಟಿನಲ್ಲೇ ವಾಪಸು. ನಮ್ಮ ಡಬ್ಬಿ ಕಾಣಬೇಕು, ಅವರ ಚೆಂಡು ಕಾಣಬಾರದು. ರಾಜ್ಯೋತ್ಸವಕ್ಕೆ ಶಾಲೆಯ ಸಭಾಂಗಣ ಕೇಳಿದರೆ ವಿಮೆಯ ಪತ್ರ, ಮುಂಗಡ, ಕಸ ಗುಡಿಸುವವರಿಗೆ ಗಂಟೆ ಲೆಕ್ಕದ ಕೂಲಿ, ಆರು ವಾರದ ಮುಂಚಿನ ಅರ್ಜಿ. ಅದೂ ಕೊನೆಗೆ ‘ಆ ದಿನ ಪ್ಲೇಆಫ್ ಇರಬಹುದು’ ಎಂಬ ಒಂದೇ ಸಾಲಿನ ಉತ್ತರ. ಪೂರ್ವದ ಗೇಟಿನ ಬಳಿ ಕೆಟ್ಟ ಎರಡು ದೀಪಗಳ ಬಗ್ಗೆ ಹೋದ ವರ್ಷದಿಂದ ಬರೆಯುತ್ತಿದ್ದೇವೆ. ‘ಪರಿಶೀಲನೆಯಲ್ಲಿದೆ.’ ಹಣವಿಲ್ಲದೆ ಅಲ್ಲ, ಈ ಸೀಮೆಯಲ್ಲಿ ಫುಟ್‌ಬಾಲಿಗೆ ಹಣವಿಲ್ಲವೆಂದು ಯಾರೂ ಹೇಳಲಾರರು. ಪಕ್ಕದ ಅಲೆನ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ 18,000 ಆಸನಗಳ, 6 ಕೋಟಿ ಡಾಲರಿನ ಕ್ರೀಡಾಂಗಣ 2012ರಲ್ಲಿ ಎದ್ದಿತು, 2014ರಲ್ಲಿ ಕಾಂಕ್ರೀಟು ಬಿರುಕು ಬಿಟ್ಟು ಬಾಗಿಲು ಹಾಕಿತು, 2015ರಲ್ಲಿ ಮತ್ತೆ ತೆರೆಯಿತು. ನಮಗೆ ಬೇಕಾದದ್ದು ಎರಡು ಬಲ್ಬು.

ಆದ್ದರಿಂದ ಸಂಬಂಧಪಟ್ಟವರು ಈ ಪ್ಲೇಯನ್ನು ಕೂಡಲೇ ಕೈಬಿಡಬೇಕು. ಕೈಬಿಡುವುದಿಲ್ಲವಾದರೆ ಪೂರ್ವದ ಗೇಟನ್ನಾದರೂ ತೆರೆದಿಡಬೇಕು. ಅದೂ ಆಗದಿದ್ದರೆ ಜವಾಬ್ದಾರರು ಯಾರೆಂದಾದರೂ ತಿಳಿಸಬೇಕು, ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದೇ ನಮಗೆ ಗೊತ್ತಾಗುತ್ತಿಲ್ಲ. ನಿಮ್ಮ ವರದಿಗಾರರಿಗೂ ಒಂದು ಮಾತು. ನೀವು ಅಚ್ಚು ಹಾಕಿದ ನಕ್ಷೆಯಲ್ಲಿ ನಮ್ಮ ತಂಡದ ವೃತ್ತಗಳನ್ನು ಎಣಿಸಿ ನೋಡಿ, 12 ಇವೆ.

— ಕೆಲವು ಪಾಲಕರು,
ಉತ್ತರ ಡಲ್ಲಾಸ್, ಟೆಕ್ಸಸ್