ಕಷಾಯದ ಹೊಗೆಸೊಪ್ಪಿನ ಮಾರಾಟ ನಿಲ್ಲಿಸುತ್ತಿದ್ದೇವೆ

ಶಿರಸಿ

ಆತ್ಮೀಯ ಗ್ರಾಹಕರೇ,

ಸಂಘದ ಕೃಷಿ ಸಾಮಗ್ರಿ ಮಳಿಗೆಯಲ್ಲಿ, ಗಿಡಕ್ಕೆ ಸಿಂಪಡಿಸುವ ಕೀಟನಾಶಕ ಕಷಾಯಕ್ಕೆಂದು ಮಾರುತ್ತಿದ್ದ ಹೊಗೆಸೊಪ್ಪು ಮುಂದಿನ ತಿಂಗಳಿನಿಂದ ಸಿಗುವುದಿಲ್ಲ. ವೀಳ್ಯದೆಲೆ ಬಳ್ಳಿಗೋ ಮೆಣಸಿನ ಗಿಡಕ್ಕೋ ಹೇನು ಬಿದ್ದಾಗ ಇದನ್ನೇ ನೆಚ್ಚಿಕೊಂಡವರು ನಿಮ್ಮಲ್ಲಿ ಹಲವರು. ಹಾಗಾಗಿ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಕಷಾಯದಲ್ಲಿ ಹೇನನ್ನು ಕೊಲ್ಲುವುದು ನಿಕೋಟಿನ್. ಅದು ಗಿಡದ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಹೂಗೊಂಚಲು ಚಿವುಟಿದರೆ ಹೆಚ್ಚುತ್ತದೆ, ಸಾರಜನಕ ಗೊಬ್ಬರ ಹೆಚ್ಚಾದರೂ ಹೆಚ್ಚುತ್ತದೆ. ಒಂದೇ ಗಿಡದ ಮೇಲಿನ ಎಲೆಗೂ ಬುಡದ ಎಲೆಗೂ ವ್ಯತ್ಯಾಸವಿರುತ್ತದೆ. ಸಾಧಾರಣ ತಂಬಾಕಿನ ಒಣ ಎಲೆಯಲ್ಲಿ ಶೇ. 1ರಿಂದ 3ರಷ್ಟಿದ್ದರೆ, ನಿಕೋಟಿಯಾನಾ ರಸ್ಟಿಕಾ ಎಂಬ ಇನ್ನೊಂದು ತಂಬಾಕು ಜಾತಿಯಲ್ಲಿ ಶೇ. 9ರವರೆಗೂ ಇರಬಹುದು. ಪೇಟೆಯಿಂದ ಬಂದ ಕಟ್ಟನ್ನು ಮೂಸಿ, ಮುಟ್ಟಿ ಇದು ತಿಳಿಯುವುದಿಲ್ಲ, ಪ್ರಯೋಗಾಲಯದಲ್ಲೇ ಅಳೆಯಬೇಕು. ಕಟ್ಟು ಕಟ್ಟಿಗೂ ಪರೀಕ್ಷೆ ಮಾಡಿಸುವುದು ನಮ್ಮಂಥ ಸಣ್ಣ ಸಂಘದ ಕೈಲಾಗದು. ಎಷ್ಟು ತೀಕ್ಷ್ಣವೆಂದು ತಿಳಿಯದ ವಿಷವನ್ನು ತಕ್ಕಡಿಯಲ್ಲಿಟ್ಟು ಕೊಡಲು ನಮಗೆ ಮನಸ್ಸಿಲ್ಲ.

ಅದಕ್ಕಿಂತ ಹೆಚ್ಚಾಗಿ, ಪಂಪು ಹೊರುವವರ ಆರೋಗ್ಯದ ಚಿಂತೆ ನಮ್ಮದು. ಕಷಾಯಕ್ಕೆ ಬಾರ್ ಸೋಪು ಕಲಸುವುದು ರೂಢಿ. ಸೋಪು ಕ್ಷಾರ. ಕ್ಷಾರ ಸೇರಿದಾಗ ನಿಕೋಟಿನ್ ಚರ್ಮದೊಳಗೆ ಬೇಗ ಇಳಿಯುತ್ತದೆ. ಸುಣ್ಣ ಹಚ್ಚಿದ ಎಲೆಯಡಿಕೆಯ ಕವಳದಲ್ಲಿ ಹೊಗೆಸೊಪ್ಪು ಬೇಗ ತಲೆಗೇರುವುದೂ ಇದರಿಂದಲೇ. ಪಂಪು ಸೋರಿ ಬೆನ್ನು ತೊಯ್ದರೆ ಬೆವರು, ತಲೆಸುತ್ತು, ವಾಂತಿ ಶುರುವಾಗಬಹುದು. ಹಾಗಾದರೆ ತಡಮಾಡದೆ ಒದ್ದೆ ಬಟ್ಟೆ ಕಳಚಿ, ಧಾರಾಳ ನೀರಿನಲ್ಲಿ ಮೈ ತೊಳೆದು ಆಸ್ಪತ್ರೆಗೆ ಹೋಗಿ. ಕೀಟನಾಶಕವಾಗಿ ನಿಕೋಟಿನ್ ಸಲ್ಫೇಟ್ ಬಳಕೆಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಎಲೆಯ ಕಷಾಯ ಮನೆಯಲ್ಲೇ ಮಾಡಿದ್ದೆಂಬ ಕಾರಣಕ್ಕೆ ಸೌಮ್ಯವಾಗುವುದಿಲ್ಲ. ಅದನ್ನು ಸಿಂಪಡಿಸಿದ ವೀಳ್ಯದೆಲೆಯನ್ನಂತೂ ನಾವು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತೇವೆ.

ಮೆಣಸಿನಕಾಯಿ, ಟೊಮೆಟೊ ಬೆಳೆಯುವವರು ಇದನ್ನೂ ಗಮನಿಸಿ: ಈ ಗಿಡಗಳಿಗೂ ರೋಗ ತರುವ ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬದುಕಿರುತ್ತದೆ. ತಣ್ಣೀರಿನಲ್ಲಿ ನೆನೆಹಾಕಿದ ಮಾತ್ರಕ್ಕೆ ಸಾಯುವುದಿಲ್ಲ.

ಇನ್ನು ಮುಂದೆ ಬೇವಿನ ಬೀಜ ಮತ್ತು 1500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1500 ಭಾಗ) ಅಜಾಡಿರಾಕ್ಟಿನ್ ಎಂಬ ಬೇವಿನ ಸತ್ವ ಇರುವ ಬೇವಿನ ಔಷಧ ಮಳಿಗೆಯಲ್ಲಿರುತ್ತವೆ. ಬೀಜದ ತಿರುಳಾದರೆ ಲೀಟರಿಗೆ 50 ಗ್ರಾಂ, ಕುಟ್ಟಿ ರಾತ್ರಿಯಿಡೀ ನೆನೆಸಿ ಸೋಸಿಕೊಳ್ಳಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕುಂದುವುದರಿಂದ ಸಂಜೆ ಸಿಂಪಡಿಸಿ. ಹೊಗೆಸೊಪ್ಪಿನಷ್ಟು ಥಟ್ಟನೆ ಹೇನು ಉದುರುವುದಿಲ್ಲ. ವಾರದ ಬಳಿಕ ಎಲೆಯ ಅಡಿಭಾಗ ನೋಡಿ, ಬೇಕಿದ್ದರೆ ಮತ್ತೊಮ್ಮೆ ಹೊಡೆಯಿರಿ.

ಮನೆಯಲ್ಲಿ ಉಳಿದ ಕಷಾಯವನ್ನು ಹಳ್ಳಕ್ಕಾಗಲಿ ಬಾವಿಯ ಹತ್ತಿರವಾಗಲಿ ಚೆಲ್ಲಬೇಡಿ. ನಮ್ಮಲ್ಲಿ ಕೊಂಡ, ಒಡೆಯದ ಹೊಗೆಸೊಪ್ಪಿನ ಕಟ್ಟನ್ನು ಹಿಂದಿರುಗಿಸಿದರೆ ಹಣ ಮರಳಿಸುತ್ತೇವೆ.

ಇಂತಿ,
ಆಡಳಿತ ಮಂಡಳಿಯ ಪರವಾಗಿ
ವ್ಯವಸ್ಥಾಪಕರು, ಕೃಷಿ ಸಾಮಗ್ರಿ ಮಳಿಗೆ