ಹತ್ತು ಗಂಟೆಗೆ ಹೊರಡುವವರಿಗೆ

ಯುಗಾದಿ ಊಟ ಮುಗಿದು ಪಾತ್ರೆ ತೊಳೆಯುವಾಗ ಪ್ರತಿ ವರ್ಷ ಒಂದೇ ಮಾತು: "ಬಿಸಿಲು ಬಂತಲ್ಲ, ಶನಿವಾರ ಯಾವ ಬೆಟ್ಟ ಹತ್ತೋಣ?" ಈ ಸಲ ಗ್ರಾನೈಟ್ ಮೌಂಟನ್ ಹೆಸರು ಕಿವಿಗೆ ಬಿತ್ತು. ಅದಕ್ಕೇ ನಮ್ಮ ಸಂಘದ ಪತ್ರಿಕೆಯಲ್ಲಿ ಮಕ್ಕಳ ನಾಟಕದ ವರದಿಯನ್ನು ಒಳಪುಟಕ್ಕೆ ತಳ್ಳಿ ಇದನ್ನು ಬರೆಯುತ್ತಿದ್ದೇನೆ. ನಾಟಕದವರು ಬೇಜಾರು ಮಾಡ್ಕೋಬೇಡಿ.

ಸಿಯಾಟಲ್‌ನಿಂದ ಐ-90 ಹೆದ್ದಾರಿ ಹಿಡಿದರೆ ಆ ಬೆಟ್ಟದ ಬುಡಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ವಸಂತದಲ್ಲಿ ಕಾರು ನಿಲ್ಲಿಸುವ ಕಡೆ ಹಿಮದ ಸುಳಿವೇ ಇರುವುದಿಲ್ಲ. ಪಾಚಿ, ಜರೀಗಿಡ, ಹಕ್ಕಿ ಕೂಗು. ಮೋಸ ಹೋಗುವುದು ಅಲ್ಲೇ. ತುದಿ ಇರುವುದು 5,629 ಅಡಿಯಲ್ಲಿ. ಅಲ್ಲಿ ಚಳಿಗಾಲದ ಹಿಮ ಇನ್ನೂ ಹಾಗೇ ಕೂತಿರುತ್ತದೆ. ಬೇಸಿಗೆಯ ಕಾಲುದಾರಿ ಒಂದು ಕೊರಕಲನ್ನು ದಾಟುತ್ತದೆ. ಮೇಲಿನ ಹಿಮ ಜಾರಿದರೆ ಬರುವುದು ಆ ಕೊರಕಲಿನಲ್ಲೇ. ನೀವು ನಿಂತ ನೆಲ ಒಣಗಿದ್ದರೂ ಅಪಾಯ ತಲೆಯ ಮೇಲಿದೆ. ಅಲ್ಲಿ ಜೀವ ಹೋದದ್ದೂ ಇದೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯಲ್ಲಿ, ನಾವು ಏಳು ಜನ ಅಲ್ಲಿಗೆ ಹೋಗಿದ್ದೆವು. ಮೊದಲು ಒಬ್ಬರ ಮನೆಯಲ್ಲಿ ಉಪ್ಪಿಟ್ಟು, ಕಾಫಿ, ಆಮೇಲೆ ಇನ್ನೊಂದು ಕಾಫಿ. ಹೊರಟಾಗ ಹತ್ತೂವರೆ. ಕೊರಕಲಿನ ಅಂಚು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ, ಮೋಡವಿಲ್ಲದ ಬಿಸಿಲು. ಹಿಮ ನೆನೆದ ಅವಲಕ್ಕಿಯ ಹಾಗಿತ್ತು. ಕಾಲಿಟ್ಟರೆ ಮೊಣಕಾಲಿನ ತನಕ ಇಳಿಯುತ್ತಿತ್ತು. ಮೇಲಿಂದ ಪುಟ್ಟ ಪುಟ್ಟ ಹಿಮದ ಉಂಡೆಗಳು ಉರುಳಿ ಬರುತ್ತಿದ್ದವು, ಬರುಬರುತ್ತಾ ದಪ್ಪ ಆಗುತ್ತಿದ್ದವು. ಮಕ್ಕಳು ಅದರ ಫೋಟೋ ತೆಗೆಯುತ್ತಿದ್ದರು. ಅಷ್ಟರಲ್ಲಿ ಹೆಲ್ಮೆಟ್ ಹಾಕಿ, ಕೈಯಲ್ಲಿ ಹಿಮಗೊಡಲಿ ಹಿಡಿದ ವಯಸ್ಸಾದ ಹೆಂಗಸೊಬ್ಬರು ಪಕ್ಕದ ಬೆಟ್ಟದ ಬೆನ್ನಿನಿಂದ ಇಳಿದು ಬಂದರು. ನಮ್ಮ ಓಟದ ಶೂಗಳನ್ನು ನೋಡಿ, "ಈಗ ಹತ್ತುತ್ತಿದ್ದೀರಾ?" ಎಂದರು. ಅವರು ಬೆಳಗಿನ ಜಾವ ನಾಲ್ಕಕ್ಕೆ ಶುರುಮಾಡಿದ್ದರಂತೆ. ನಾವು ಏನೂ ವಾದ ಮಾಡದೆ ಹಿಂತಿರುಗಿದೆವು. ಅರ್ಧ ದಾರಿ ಇಳಿಯುವಷ್ಟರಲ್ಲಿ ಹಿಂದಿನಿಂದ ಲಾರಿಯಲ್ಲಿ ಜಲ್ಲಿ ಸುರಿದಂಥ ಸದ್ದು ಕೇಳಿತು. ಯಾರೂ ತಿರುಗಿ ನೋಡಲಿಲ್ಲ.

ಆ ಉಂಡೆಗಳೇ ಎಚ್ಚರಿಕೆ ಅಂತ ಆಮೇಲೆ ತಿಳಿಯಿತು. ಆಕಾಶ ಸ್ವಚ್ಛವಿದ್ದ ರಾತ್ರಿ ಹಿಮದ ಮೇಲ್ಪದರ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಅದರ ಮೇಲೆ ನಡೆಯಬಹುದು. ಬಿಸಿಲೇರಿದಂತೆ ಕರಗಿದ ನೀರು ಹಿಮದ ಕಣಗಳ ನಡುವೆ ಇಳಿದು ಅವುಗಳ ಹಿಡಿತ ಸಡಿಲವಾಗುತ್ತದೆ. ಮೊದಲು ಪೂರ್ವದ ಇಳಿಜಾರು, ಆಮೇಲೆ ದಕ್ಷಿಣ, ಸಂಜೆಗೆ ಪಶ್ಚಿಮ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಜಾಸ್ತಿ. ರಾತ್ರಿ ಮೋಡವಿದ್ದು ಹೆಪ್ಪೇ ಗಟ್ಟದಿದ್ದರೆ ಬೆಳಗಿನ ಆರು ಗಂಟೆಯೂ ತಡವೇ. ಹಾಗಾಗಿ ನೋಡಬೇಕಾದದ್ದು ಕೆಳಗಿನ ಬೆಲ್ವ್ಯೂ ಊರಿನ ಹವಾಮಾನ ಅಲ್ಲ, ಬೆಟ್ಟದ ಮೇಲಿನ ರಾತ್ರಿಯ ತಾಪಮಾನ.

ಮಳೆಯೂ ಇದೇ ಕೆಲಸ ಮಾಡುತ್ತದೆ. ಸ್ಟೀವನ್ಸ್ ಪಾಸ್ ಹತ್ತಿರದ ಐರನ್ ಗೋಟ್ ಟ್ರೇಲ್‌ನಲ್ಲಿ ನಮ್ಮಲ್ಲಿ ಎಷ್ಟೋ ಜನ ಬೇಸಿಗೆಯಲ್ಲಿ ಮಕ್ಕಳ ಜೊತೆ ನಡೆದಿದ್ದೀರಿ. ಅಲ್ಲೇ ವೆಲ್ಲಿಂಗ್ಟನ್ ಎಂಬ ರೈಲ್ವೆ ಊರಿತ್ತು. 1910ರ ಮಾರ್ಚ್ 1, ನಡುರಾತ್ರಿ ದಾಟಿದ ಹೊತ್ತು. ದಿನಗಟ್ಟಲೆ ಹಿಮ ಬಿದ್ದು ಅದರ ಮೇಲೆ ಮಳೆ ಹೊಯ್ದಿತ್ತು. ದಾರಿ ಕಾಣದೆ ನಿಂತಿದ್ದ ರೈಲುಗಳನ್ನು ಹಿಮ ಕಣಿವೆಗೆ ತಳ್ಳಿತು. 96 ಜನ ಸತ್ತರು. ಅಮೆರಿಕದಲ್ಲಿ ಇಷ್ಟು ಜನರನ್ನು ಕೊಂದ ಹಿಮಕುಸಿತ ಇನ್ನೊಂದಿಲ್ಲ.

ಹಿಮಕುಸಿತ ಅಂದರೆ ನಮಗೆ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, ಆಮೇಲೆ ಉಳಿಯಲಿಲ್ಲ. ಆರು ದಿನ ಎಂಬ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಆದರೆ ಹಿಮದಲ್ಲಿ ಹೂತುಹೋದ ಬಹುತೇಕರಿಗೆ ಸಿಗುವುದು ಹದಿನೈದು ನಿಮಿಷ. ಅಷ್ಟರೊಳಗೆ ಹೊರತೆಗೆದರೆ ಸರಿ, ಆಮೇಲೆ ಉಸಿರಿಗೆ ಗಾಳಿಯಿಲ್ಲ. ಒದ್ದೆ ಹಿಮ ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿಯುತ್ತದೆ. ಫೋನ್ ಮಾಡಿ ಹೆಲಿಕಾಪ್ಟರ್ ಕಾಯುವ ಮಾತೇ ಇಲ್ಲ. ಜೊತೆಯವರೇ ಅಗೆಯಬೇಕು. ಅದಕ್ಕೇ ಬೀಕನ್ (ಹೂತವರು ಎಲ್ಲಿದ್ದಾರೆಂದು ಸಂಕೇತದಿಂದ ತಿಳಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಲು ಬರಬೇಕು. ಏಳು ಜನಕ್ಕೆ ಒಂದು ಸೆಟ್ ತಂದು ಏನು ಪ್ರಯೋಜನ? ಅದನ್ನು ಹೊತ್ತವರೇ ಹೂತುಹೋದರೆ?

ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲವಿಡೀ ದಿನಾ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಅಪಾಯಕ್ಕೆ 1ರಿಂದ 5ರ ಅಂಕ ಹಾಕಿ. ಮೂರು ಅಂದರೆ ನಡುವಿನದು, ಪರವಾಗಿಲ್ಲ ಅಂದುಕೊಳ್ಳುತ್ತೇವೆ. ಅದು ಪರೀಕ್ಷೆಯ ಪಾಸ್ ಮಾರ್ಕ್ ಅಲ್ಲ ಸ್ವಾಮಿ, ಮೂರಕ್ಕೇ ಸಾಯುವವರು ಬೇಕಾದಷ್ಟು. ಏಪ್ರಿಲ್ ಮಧ್ಯದ ಹೊತ್ತಿಗೆ ಈ ದಿನನಿತ್ಯದ ಮುನ್ಸೂಚನೆ ನಿಲ್ಲುತ್ತದೆ. ನಿಲ್ಲುವುದು ಮುನ್ಸೂಚನೆ, ಹಿಮ ಅಲ್ಲ.

ಹಿಮದ ಪಾಠ ಕಲಿತವರು, ಜಾವಕ್ಕೆದ್ದು ಹನ್ನೊಂದರೊಳಗೆ ಇಳಿಯುವವರು ಅವರ ಲೆಕ್ಕದಲ್ಲಿ ಹೋಗಲಿ. ನಮ್ಮಂಥವರಿಗೆ ಗ್ರಾನೈಟ್ ಮೌಂಟನ್ ಜುಲೈ ತನಕ ಬೇಡ ಅಂತ ನನ್ನ ಅಭಿಪ್ರಾಯ. ಸಮಿತಿಯಲ್ಲಿ ಇಬ್ಬರು ಮುಖ ಸಿಂಡರಿಸಿದರು, ಆಮೇಲೆ ಒಪ್ಪಿದರು. ಶನಿವಾರ ನಾರ್ತ್ ಬೆಂಡ್ ಪಕ್ಕದ ರ‍್ಯಾಟಲ್‌ಸ್ನೇಕ್ ಲೆಡ್ಜ್‌ಗೆ ಹೋಗುತ್ತಿದ್ದೇವೆ. ಅಲ್ಲಿಗೆ ಉಪ್ಪಿಟ್ಟು ತಿಂದು ಹತ್ತಕ್ಕೆ ಹೊರಟರೂ ನಡೆಯುತ್ತದೆ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಅಷ್ಟೇ.