ಮಗಳಿಗೊಂದು ಪತ್ರ: ಸಾರಳಿಗೆ ಹೇಳಿ ಹೊರಟನೇ?

ಉಡುಪಿ,
ಸೋಮವಾರ ರಾತ್ರಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಬೆಂಗಳೂರಿನ ನಿಮ್ಮ ಚರ್ಚಿನ ಸಭೆಯವರು ಸಂಡೇ ಸ್ಕೂಲಿನ ಒಂದು ತರಗತಿಯನ್ನು ನಿನಗೆ ಒಪ್ಪಿಸಿದ್ದಾರೆಂದು ನೀನು ಫೋನಿನಲ್ಲಿ ತಿಳಿಸಿದ ವಾರದಲ್ಲೇ ನಾನು ಮಂಗಳೂರಿನ ಬಲ್ಮಠದಲ್ಲಿ ನಡೆದ ಸಂಡೇ ಸ್ಕೂಲ್ ಶಿಕ್ಷಕರ ಸಮ್ಮೇಳನಕ್ಕೆ ಹೋಗಿದ್ದೆ. ಬಂದು ಒಂಬತ್ತು ದಿನಗಳಾದವು. ಅಂದಿನಿಂದ ನಿನಗೆ ಬರೆಯಬೇಕೆಂದು ಪ್ರತಿ ರಾತ್ರಿ ಕುಳಿತು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಎದ್ದಿದ್ದೇನೆ. ಅಲ್ಲಿ ಕೇಳಿದ ಒಂದು ಪಾಠದಲ್ಲಿ ನಿನಗೆ ನಾನು ಬಹಳ ವರ್ಷಗಳಿಂದ ಬಾಕಿ ಉಳಿಸಿಕೊಂಡಿದ್ದ ಒಂದು ಮಾತು ಸಿಕ್ಕಿತು. ಅದನ್ನು ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಇಪ್ಪತ್ತೆರಡು ವರ್ಷ ಭಾನುವಾರದ ಪಾಠ ಮಾಡಿದ್ದರೂ ಮೂರು ದಿನ ಮನೆ ಬಿಟ್ಟು ನಿಂತು ಕಲಿಯುವ ಅವಕಾಶ ನನಗೆ ಇದೇ ಮೊದಲು ಒದಗಿತು. ಬಲ್ಮಠವನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಉಪದೇಶಿಗಳನ್ನು ಸಿದ್ಧಪಡಿಸಲು 1847ರಲ್ಲಿ ಆರಂಭಿಸಿದ ಸೆಮಿನರಿ, 1965ರಲ್ಲಿ ತುಮಕೂರಿನ ಸೆಮಿನರಿಯೊಡನೆ ಕೂಡಿಕೊಂಡು, ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಗಿ ನಿಂತಿದೆ. ಅಲ್ಲಿ ಜೋಪಾನವಾಗಿರುವ ಹಳೆಯ ಪುಸ್ತಕಗಳ ಮಾತು ಬಂದಾಗ ಕಿಟೆಲರ ಹೆಸರೂ ಬಂತು. ಅವರನ್ನು ನಾವು 1894ರ ನಿಘಂಟಿನಿಂದ ಮಾತ್ರ ಬಲ್ಲೆವು. ಆದರೆ ಆ ನಿಘಂಟಿಗೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಜರ್ಮನ್ ತಾಯ್ನುಡಿಯ ಒಬ್ಬ ಮನುಷ್ಯ, ಈ ನಾಡಿನವರ ಕಿವಿಗೆ ಕಥೆ ಹಾಡಾಗಿ ಇಳಿಯುತ್ತದೆ ಎಂಬುದನ್ನು ಅಷ್ಟು ಬೇಗ ಕಂಡುಕೊಂಡಿದ್ದರು. ನಾವೋ ಇಂದಿಗೂ ಕಥೆಯನ್ನು ಅವಸರದಲ್ಲಿ ಮುಗಿಸಿ, ‘ಇದರಿಂದ ನಾವು ಕಲಿಯುವುದೇನು’ ಎಂದು ಕಪ್ಪು ಹಲಗೆಯ ಕಡೆಗೆ ತಿರುಗಿಬಿಡುತ್ತೇವೆ.

ಮೊದಲ ದಿನದ ಉಪನ್ಯಾಸ ಸಂಡೇ ಸ್ಕೂಲಿನ ಚರಿತ್ರೆಯನ್ನು ಕುರಿತದ್ದು. ಇಂಗ್ಲೆಂಡಿನ ಗ್ಲೌಸೆಸ್ಟರ್ ಪಟ್ಟಣದಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಒಡೆಯನು ಇಂತಹ ಶಾಲೆಯನ್ನು ತೆರೆದಾಗ, ಅಲ್ಲಿಗೆ ಬಂದವರು ವಾರದ ಉಳಿದ ದಿನಗಳಲ್ಲಿ ದುಡಿಯುತ್ತಿದ್ದ ಬಡ ಮಕ್ಕಳು. ಅವರಿಗೆ ಬಿಡುವಿದ್ದದ್ದು ಭಾನುವಾರ ಒಂದೇ ಆದ್ದರಿಂದ ಶಾಲೆಯೂ ಭಾನುವಾರವೇ ನಡೆಯಿತು. ಅಲ್ಲಿನ ಮೊದಲ ಕೆಲಸ ಆ ಮಕ್ಕಳಿಗೆ ಓದು ಕಲಿಸುವುದಾಗಿತ್ತು. ನಮ್ಮ ದೇಶದಲ್ಲಿ 1876ರಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು. ಇಷ್ಟನ್ನು ನಾನು ಮೊದಲೇ ತಿಳಿದಿದ್ದೆ. ಆದರೆ ‘ಮೊದಲು ಓದು ಕಲಿಸಿದರು’ ಎಂಬ ಮಾತು ಮಾತ್ರ ಅಂದು ಹೊಸದಾಗಿ ಕೇಳಿಸಿತು. ಅದಕ್ಕೆ ಕಾರಣ, ಅದೇ ಮಧ್ಯಾಹ್ನದ ಚರ್ಚೆಯಲ್ಲಿ ದೊಡ್ಡ ಊರಿನ ಸಭೆಯೊಂದರಿಂದ ಬಂದ ಶಿಕ್ಷಕಿಯೊಬ್ಬರು ಎದ್ದು ನಿಂತು ಹೇಳಿದ ಮಾತು: ತಮ್ಮ ತರಗತಿಯ ಮಕ್ಕಳೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಅವರಲ್ಲಿ ಅನೇಕರಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಬಾಯಿಪಾಠದ ಬೈಬಲ್ ವಚನವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊಡಬೇಕಾಗಿದೆ. ಕೆಲವರು ಇದನ್ನು ಆಕ್ಷೇಪಿಸಿದರು. ಆಕೆಯ ಮುಖ ನೋಡುತ್ತಿದ್ದ ನನಗೆ ಆಕ್ಷೇಪಿಸಲು ಆಗಲಿಲ್ಲ.

ನಿನ್ನ ತರಗತಿಯೂ ಹೀಗೆಯೇ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳನ್ನು ನಾಚಿಸಬೇಡ, ಕನ್ನಡವನ್ನು ಬಿಡಲೂ ಬೇಡ. ಪ್ರತಿ ಭಾನುವಾರ ಐದೇ ನಿಮಿಷ, ಅಂದಿನ ವಚನದ ಮೂರು ಪದಗಳನ್ನು ದೊಡ್ಡದಾಗಿ ಬರೆದು ಬೆರಳಿಟ್ಟು ಓದಿಸು. ಕಥೆಯನ್ನು ನೀನೇ ಗಟ್ಟಿಯಾಗಿ, ನಿಧಾನವಾಗಿ ಓದು. ನಿನ್ನ ಅಜ್ಜಿ ಮನೆಯಲ್ಲಿ ತುಳುವನ್ನೇ ಆಡಿದವರು, ದೇವಾಲಯದಲ್ಲಿ ಮಾತ್ರ ಕನ್ನಡ ಕೇಳಿದವರು. ಆದರೂ ಅವರಿಗೆ ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆ ಕನ್ನಡದಲ್ಲೇ ಕಂಠಸ್ಥವಾಗಿತ್ತು. ಕೇಳುತ್ತ ಕೇಳುತ್ತಲೇ ಕನ್ನಡ ಅವರದಾಯಿತು. ಮಿಶನ್ನಿನವರು ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ್ದು ಕೂಡ 1847ರಲ್ಲಿಯೇ. ಮನೆಯ ಭಾಷೆಯಲ್ಲಿ ದೇವರ ಮಾತು ಕೇಳಿಸಬೇಕೆಂಬ ಚಿಂತೆ ನಮ್ಮ ಸಭೆಗಳಿಗೆ ಹೊಸತಲ್ಲ.

ಎರಡನೆಯ ದಿನ ಬೆಳಗಿನ ಅವಧಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಪಾಠವಿತ್ತು. ಇದನ್ನು ನೀನು ಅಕ್ಷರಶಃ ಪಾಲಿಸಬೇಕು. ಮುಚ್ಚಿದ ಕೋಣೆಯಲ್ಲಿ ಒಂಟಿ ಮಗುವಿನೊಡನೆ ಯಾವ ಶಿಕ್ಷಕರೂ ಇರಕೂಡದು, ತರಗತಿಯ ಬಾಗಿಲು ತೆರೆದೇ ಇರಬೇಕು. ಮಗು ತನಗಾದ ನೋವನ್ನು ನಿನ್ನಲ್ಲಿ ಹೇಳಿಕೊಂಡರೆ, ಸಭೆಯ ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅಂತಹ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ನಿನ್ನ ತರಗತಿಯ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸು. ನಾನು ಇಲ್ಲಿ ಅಂಟಿಸಿದ್ದೇನೆ.

ಅದೇ ದಿನ ಮಧ್ಯಾಹ್ನ, ಊಟದ ನಂತರ, ಹಳೆಯ ಒಡಂಬಡಿಕೆಯ ಪಾಠವಿತ್ತು. ಮಕ್ಕಳಿಗೆ ಹೇಳಲು ಕಷ್ಟವಾದ ಕಥೆಗಳನ್ನು ಹೇಗೆ ಹೇಳಬೇಕೆಂಬುದು ವಿಷಯ. ಅಧ್ಯಾಪಕರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯವನ್ನು, ದೇವರ ಮಾತಿನಂತೆ ಅಬ್ರಹಾಮನು ತನ್ನ ಮತ್ತು ಸಾರಳ ಮಗ ಇಸಾಕನನ್ನು ಬಲಿಕೊಡಲು ಹೊರಡುವ ಕಥೆಯನ್ನು, ತೆರೆಯಲು ಹೇಳಿದಾಗಲೇ ನನ್ನ ಕೈ ತಣ್ಣಗಾಯಿತು. ನಿನಗೆ ನೆನಪಿದೆಯೋ ಇಲ್ಲವೋ ತಿಳಿಯದು, ನನಗೆ ಚೆನ್ನಾಗಿ ನೆನಪಿದೆ. ನಿನಗೆ ಆಗ ಒಂಬತ್ತು ವರ್ಷ, ನೀನು ನನ್ನದೇ ತರಗತಿಯಲ್ಲಿದ್ದೆ. ಅಬ್ರಹಾಮನು ಬೆಳಗಿನ ಜಾವದಲ್ಲಿ ಎದ್ದು, ಕತ್ತೆಗೆ ತಡಿ ಹಾಕಿಸಿ, ಕಟ್ಟಿಗೆ ಒಡೆದು, ಇಬ್ಬರು ಸೇವಕರನ್ನೂ ಮಗ ಇಸಾಕನನ್ನೂ ಕರೆದುಕೊಂಡು ಹೊರಟನೆಂದು ನಾನು ಹೇಳುತ್ತಿದ್ದಾಗ ನೀನು ಕೈ ಎತ್ತಿ, “ಸಾರಳಿಗೆ ಹೇಳಿ ಹೊರಟನೇ?” ಎಂದು ಕೇಳಿದೆ. ನಾನು, “ಅದು ಬೈಬಲಿನಲ್ಲಿಲ್ಲ, ಅಧಿಕಪ್ರಸಂಗ ಮಾಡಬೇಡ, ಕುಳಿತುಕೋ” ಎಂದೆ. ಮಕ್ಕಳು ನಕ್ಕರು. ನೀನು ಕುಳಿತೆ. ಅಂದಿನಿಂದ ನೀನು ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪರೀಕ್ಷೆಗಳಲ್ಲಿ ಬಹುಮಾನ ತಂದೆ, ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿದೆ. ಅದನ್ನು ನೋಡಿ ನಾನು ಹಿಗ್ಗಿದೆ. ನಿನ್ನ ಮೌನವನ್ನು ನಾನು ವಿಧೇಯತೆ ಎಂದು ತಿಳಿದಿದ್ದೆ.

ಬಲ್ಮಠದಲ್ಲಿ ಆ ಅಧ್ಯಾಪಕರು ಮಾಡಿದ್ದು ಇಷ್ಟೇ: ಇಪ್ಪತ್ತೆರಡನೆಯ ಅಧ್ಯಾಯದ ಕೊನೆಯನ್ನೂ ಇಪ್ಪತ್ತಮೂರನೆಯದರ ಮೊದಲನ್ನೂ ನಡುವೆ ನಿಲ್ಲಿಸದೆ ಒಟ್ಟಿಗೆ ಓದಿಸಿದರು. ಬೆಟ್ಟದಿಂದ ಇಳಿದ ಅಬ್ರಹಾಮನು ಬೇರ್ಷೆಬಕ್ಕೆ ಹೋದನೆಂದು ಅಲ್ಲಿದೆ, ಇಸಾಕನು ಜೊತೆಯಲ್ಲಿ ಹಿಂದಿರುಗಿದನೆಂದು ಬರೆದಿಲ್ಲ. ಮುಂದಿನ ಅಧ್ಯಾಯ ತೆರೆಯುತ್ತಲೇ ಸಾರಳು ನೂರ ಇಪ್ಪತ್ತೇಳು ವರ್ಷ ಬದುಕಿ ಹೆಬ್ರೋನಿನಲ್ಲಿ ಸತ್ತಳೆಂದೂ, ಅಬ್ರಹಾಮನು ಅಲ್ಲಿಗೆ ಬಂದು ಅವಳಿಗಾಗಿ ಅತ್ತನೆಂದೂ ಇದೆ. ಗಂಡ ಒಂದು ಊರಿನಲ್ಲಿ, ಹೆಂಡತಿ ಸತ್ತದ್ದು ಇನ್ನೊಂದು ಊರಿನಲ್ಲಿ. ಇಷ್ಟು ವರ್ಷ ಈ ಎರಡು ಅಧ್ಯಾಯಗಳನ್ನು ಎರಡು ಬೇರೆ ಭಾನುವಾರಗಳಲ್ಲಿ ಕಲಿಸಿದ ನನಗೆ ಇದು ಕಂಡಿರಲಿಲ್ಲ. ಯೆಹೂದ್ಯರ ಪುರಾತನ ಗುರುಗಳು ಈ ಎಡೆಯಲ್ಲಿಯೇ ನಿಂತು, ಸಾರಳಿಗೆ ಸುದ್ದಿ ಯಾವಾಗ ತಿಳಿಯಿತು, ಹೇಗೆ ತಿಳಿಯಿತು ಎಂದು ಕೇಳಿಕೊಂಡಿದ್ದಾರೆಂದೂ, ಮಗನನ್ನು ಬಲಿಗೆ ಒಯ್ದ ಸುದ್ದಿ ಕೇಳಿಯೇ ಅವಳ ಪ್ರಾಣ ಹೋಯಿತೆಂದು ಅವರಲ್ಲಿ ಒಂದು ಹಳೆಯ ಕಥನವಿದೆಯೆಂದೂ ಅಧ್ಯಾಪಕರು ತಿಳಿಸಿದರು. ಒಂಬತ್ತು ವರ್ಷದ ನೀನು ಅಂದು ಆ ಗುರುಗಳ ಸಾಲಿನಲ್ಲಿ ಕುಳಿತಿದ್ದೆ, ಮಗಳೇ. ನಾನು ನಿನ್ನನ್ನು ಆ ಸಾಲಿನಿಂದ ಎಬ್ಬಿಸಿಬಿಟ್ಟೆ.

ಅಧ್ಯಾಪಕರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಲೂಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದ ಬೋಧಕರ ನಡುವೆ ಕುಳಿತು ಅವರ ಮಾತನ್ನು ಕೇಳುತ್ತಲೂ ಅವರನ್ನು ಪ್ರಶ್ನಿಸುತ್ತಲೂ ಇದ್ದನೆಂಬ ಭಾಗವನ್ನು ಓದಿ, ಅಲ್ಲಿದ್ದ ಬೋಧಕರು ಅಧಿಕಪ್ರಸಂಗವೆಂದು ಅವನನ್ನು ಗದರಿದ್ದರೆ ಆ ವಾಕ್ಯವೇ ನಮಗೆ ದೊರೆಯುತ್ತಿರಲಿಲ್ಲವೆಂದು ಹೇಳಿ ಕುಳಿತರು. ಅಧಿಕಪ್ರಸಂಗ ಎಂಬ ಆ ಪದವನ್ನು ಅವರು ಯಾವ ಉದ್ದೇಶವೂ ಇಲ್ಲದೆ ಆಡಿದ್ದರು. ನಾನು ಎದ್ದು ಹೊರಗೆ ಬಂದು ಮರದ ಕೆಳಗೆ ನಿಂತೆ. ಜೊತೆಯಲ್ಲಿದ್ದವರು ತಲೆನೋವೇ ಎಂದು ಕೇಳಿದರು.

ಕ್ಷಮೆ ಕೇಳುತ್ತಿದ್ದೇನೆ. ಇದಕ್ಕೆ ನೀನು ಫೋನಿನಲ್ಲಿ ‘ಹೋಗಲಿ ಬಿಡಮ್ಮ’ ಎನ್ನುವೆ ಎಂಬುದು ಗೊತ್ತಿದ್ದೇ ಕಾಗದದಲ್ಲಿ ಬರೆದೆ.

ಮೂರನೆಯ ದಿನ ಹಾಡುಗಳ ಅಭ್ಯಾಸ, ಬೊಂಬೆಗಳ ಪ್ರಾತ್ಯಕ್ಷಿಕೆ, ಬೇಸಿಗೆ ರಜೆಯ ಬೈಬಲ್ ಶಾಲೆ ವಿ.ಬಿ.ಎಸ್.ನ ತಯಾರಿಯ ಮಾತು ಇವೆಲ್ಲ ನಡೆದವು. ಅವುಗಳ ಟಿಪ್ಪಣಿಯನ್ನು ಪಾಠದ ಪುಸ್ತಕಗಳೊಡನೆ ಕಟ್ಟಿ ಕಳುಹಿಸುತ್ತೇನೆ, ಬೇಕಾದದ್ದನ್ನು ಆರಿಸಿಕೋ.

ನಿನ್ನೆ ನನ್ನ ತರಗತಿಯಲ್ಲಿ ಪಾಠದ ಪಟ್ಟಿಯನ್ನು ಬದಿಗಿಟ್ಟು ಅದೇ ಕಥೆಯನ್ನು ಹೇಳಿದೆ. ಕತ್ತೆ, ಕಟ್ಟಿಗೆ, ಬೆಂಕಿ, ಮೂರನೆಯ ದಿನ ದೂರದಲ್ಲಿ ಕಂಡ ಸ್ಥಳ, “ಕುರಿ ಎಲ್ಲಿ?” ಎಂದು ಕೇಳಿದ ಮಗ, ಕೊನೆಗೆ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು, ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಕಪ್ಪು ಹಲಗೆಯ ಕಡೆಗೆ ತಿರುಗಲಿಲ್ಲ. ಹದಿನಾಲ್ಕು ಮಕ್ಕಳು ಸುಮ್ಮನೆ ಕುಳಿತಿದ್ದರು. ಆಮೇಲೆ ನಾನು, “ಬಹಳ ಹಿಂದೆ ಇದೇ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಹುಡುಗಿ ನನಗೊಂದು ಪ್ರಶ್ನೆ ಕೇಳಿದ್ದಳು, ನನಗೆ ಉತ್ತರ ತಿಳಿದಿರಲಿಲ್ಲ” ಎಂದು ನಿನ್ನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಹೇಳಿರಲಾರನು, ಅವಳು ಬಿಡುತ್ತಿರಲಿಲ್ಲ ಎಂದು ಒಬ್ಬ ಹುಡುಗ ವಾದಿಸಿದ. ಇನ್ನೊಬ್ಬನು, ಅವಳು ಇನ್ನೂ ಮಲಗಿದ್ದಳು ಎಂದ. ಎಂದೂ ಬಾಯಿ ತೆರೆಯದ ಎಂಟು ವರ್ಷದ ಹುಡುಗಿಯೊಬ್ಬಳು ಕಿಟಕಿಯ ಪಕ್ಕದಿಂದ ಮೆಲ್ಲಗೆ, “ಹೇಳಿದ್ದರೆ ಅವಳೂ ಜೊತೆಗೆ ಹೊರಡುತ್ತಿದ್ದಳು ಟೀಚರ್” ಎಂದಳು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ನಿನ್ನ ಪ್ರಶ್ನೆಯ ಕೆಳಗೆ ಅವಳ ಮಾತನ್ನು ಬರೆದಿಟ್ಟಿದ್ದೇನೆ. ಅದರ ಕೆಳಗೆ ಅರ್ಧ ಪುಟ ಖಾಲಿ ಇದೆ. ಮುಂದಿನ ಭಾನುವಾರ ನಿನ್ನ ಮಕ್ಕಳು ಏನು ಕೇಳಿದರೆಂದು ಬರೆ, ಅಲ್ಲಿ ಸೇರಿಸುತ್ತೇನೆ.

ನಿನ್ನ ಪ್ರೀತಿಯ
ಅಮ್ಮ